ತೂಕದ ಚೀಟಿಯಲ್ಲಿ ಕಾಣದ ಬೆಲೆ

ಇತ್ತೀಚೆಗೆ ನಮ್ಮ ಕಚೇರಿಗೆ ವೃದ್ಧೆಯೊಬ್ಬರು ಮೊಮ್ಮಗನೊಂದಿಗೆ ಬಂದಿದ್ದರು. ಅವರ ಕೈಯಲ್ಲಿ ಒಂದು ಬಟ್ಟೆಯ ಗಂಟು ಮತ್ತು ಗಿರವಿ ಅಂಗಡಿಯ ಒಂದು ಚೀಟಿ ಇತ್ತು. ಮಗಳ ಶಸ್ತ್ರಚಿಕಿತ್ಸೆಗೆ ಹಣ ಸಾಲದೆ, ತಾಯಿಯಿಂದ ಬಂದಿದ್ದ 14 ಬೆಳ್ಳಿ ರೂಪಾಯಿಗಳನ್ನು ಅವರು ಅಡವಿಟ್ಟಿದ್ದರು. ಎಂಟು ತಿಂಗಳ ಬಳಿಕ ಅಸಲು ಮತ್ತು ಬಡ್ಡಿ ಕಟ್ಟಿ ಗಂಟನ್ನು ಬಿಡಿಸಿಕೊಂಡರು. ಮನೆಗೆ ಬಂದು ಬಿಚ್ಚಿ ನೋಡಿದಾಗ ಅವರಿಗೆ ದಿಗಿಲಾಯಿತು. "ನಾಣ್ಯ ಹದಿನಾಲ್ಕೇ ಇವೆ, ತೂಕವೂ ಸರಿಯಾಗಿದೆ. ಆದರೆ ಇವು ನನ್ನ ಉಮ್ಮ ಕೊಟ್ಟ ನಾಣ್ಯಗಳಲ್ಲ" ಎಂದು ಅವರು ನಮ್ಮೊಡನೆ ಹೇಳಿದರು.

ಚೀಟಿಯನ್ನು ನಾವು ಓದಿದೆವು. ಅದರಲ್ಲಿದ್ದುದು ಒಂದೇ ಸಾಲು: "ಹಳೆಯ ಬೆಳ್ಳಿ ನಾಣ್ಯ 14, ತೂಕ 162 ಗ್ರಾಂ." ಇಸವಿ ಇಲ್ಲ, ಯಾವ ದೊರೆಯ ಮುಖ ಎಂಬ ಉಲ್ಲೇಖವಿಲ್ಲ. ವೃದ್ಧೆಯ ತಾಯಿಯ ನಿಕಾಹ್ ನಡೆದದ್ದು 1938ರಲ್ಲಿ. ನಾಣ್ಯಗಳು ಅಂದು ಮಹರ್ ಆಗಿ ಬಂದವು. ಆದರೆ ಮರಳಿ ಸಿಕ್ಕಿದ ಗಂಟಿನಲ್ಲಿ 1944 ಮತ್ತು 1945ರ ನಾಣ್ಯಗಳಿವೆ! ಉಮ್ಮ ಮಕ್ಕಳಿಗೆಲ್ಲ ತೋರಿಸಿ ಕತೆ ಹೇಳುತ್ತಿದ್ದ 1911ರ ಆ ಒಂದು ರೂಪಾಯಿ ಮಾತ್ರ ಕಾಣಿಸುತ್ತಿಲ್ಲ. ಅಂಗಡಿಯವರು, "ನೀವು ಕೊಟ್ಟದ್ದನ್ನೇ ಹಿಂದಿರುಗಿಸಿದ್ದೇವೆ, ಚೀಟಿಯೊಂದಿಗೆ ತಾಳೆ ನೋಡಿ" ಎನ್ನುತ್ತಾರೆ. ತಾಳೆ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಆದ್ದರಿಂದ ನಾವು ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಕಣ್ಣೆದುರು ಅನ್ಯಾಯದ ಶಂಕೆ ಇದ್ದರೂ ಆರೋಪ ಹೊರಿಸಲಾಗದ ಈ ಸ್ಥಿತಿಯೇ ಚರ್ಚೆಗೆ ಅರ್ಹವಾದುದು.

1911ರ ರೂಪಾಯಿಯ ಕತೆಯನ್ನು ಇಂದಿನ ಯುವಕರು ಕೇಳಿರಲಾರರು. ಐದನೇ ಜಾರ್ಜ್ ದೊರೆಯ ಹೆಸರಿನಲ್ಲಿ ಆ ವರ್ಷ ಅಚ್ಚಾದ ರೂಪಾಯಿಯಲ್ಲಿ, ಅವರ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯ ಚಿತ್ರವಿತ್ತು. ಸೊಂಡಿಲು ಗಿಡ್ಡವಾಗಿದ್ದುದರಿಂದ ಅದು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಿಂದ ತೀವ್ರ ಆಕ್ಷೇಪ ಬಂತು. ಸರಕಾರವು ವಿತರಣೆಯನ್ನು ತಡೆದು, ಅಚ್ಚಾದವುಗಳಲ್ಲಿ ಹೆಚ್ಚಿನವನ್ನು ಕರಗಿಸಿತು. 1912ರ ನಾಣ್ಯದಲ್ಲಿ ಸೊಂಡಿಲನ್ನು ತಿದ್ದಲಾಯಿತು. ಅಷ್ಟರಲ್ಲಿ ಜನರ ಕೈ ಸೇರಿದ್ದ ಕೆಲವು ಉಳಿದುಕೊಂಡವು. 'ಹಂದಿ ರೂಪಾಯಿ' ಎಂಬ ಹೆಸರು ಅದಕ್ಕೆ ಅಂಟಿದ್ದು ಹೀಗೆ. ಇಂದು ಸಂಗ್ರಾಹಕರು ಅದನ್ನು ಹುಡುಕುವುದು ಅದರಲ್ಲಿರುವ ಬೆಳ್ಳಿಗಾಗಿ ಅಲ್ಲ, ಈ ಇತಿಹಾಸಕ್ಕಾಗಿ. ತಕ್ಕಡಿಗೆ ಮಾತ್ರ ಇತಿಹಾಸ ತಿಳಿಯದು.

ತಕ್ಕಡಿಗೆ ತಿಳಿಯದ ಇನ್ನೊಂದು ಸಂಗತಿಯೂ ಇದೆ. ರಾಣಿ ವಿಕ್ಟೋರಿಯಾಳ ಕಾಲದಿಂದ 1939ರ ವರೆಗಿನ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಬೆಳ್ಳಿಯ ಪಾಲು ಶೇ. 91.7, ಅಂದರೆ ಸುಮಾರು 10.69 ಗ್ರಾಂ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಕೊರತೆ ತಲೆದೋರಿದಾಗ, 1940ರಿಂದ ಈ ಪಾಲನ್ನು ಅರ್ಧಕ್ಕೆ ಇಳಿಸಲಾಯಿತು. ತೂಕ ಅದೇ, ಆದರೆ ಒಳಗಿರುವ ಬೆಳ್ಳಿ ಕೇವಲ 5.83 ಗ್ರಾಂ. ಯುದ್ಧ ಮುಗಿದ ಬಳಿಕ 1947ರಲ್ಲಿ ಬಂದ ರೂಪಾಯಿ ನಿಕ್ಕಲ್‌ನದು, ಅದರಲ್ಲಿ ಬೆಳ್ಳಿಯೇ ಇಲ್ಲ. ಆದ್ದರಿಂದ ವಿಕ್ಟೋರಿಯಾ ರೂಪಾಯಿಯನ್ನು ತೆಗೆದು 1944ರ ರೂಪಾಯಿಯನ್ನು ಇಟ್ಟರೆ ಎಣಿಕೆ ತಪ್ಪದು, ತೂಕ ತಪ್ಪದು. ಮಾಲಕನಿಗೆ ಮಾತ್ರ ಅರ್ಧದಷ್ಟು ಬೆಳ್ಳಿ ನಷ್ಟವಾಗಿರುತ್ತದೆ. ಎಣಿಕೆ ಮತ್ತು ತೂಕ ಎರಡನ್ನೂ ಬರೆದುಕೊಟ್ಟ ಚೀಟಿಯೂ ರಕ್ಷಣೆ ನೀಡದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಗಿರವಿ ಅಂಗಡಿಯವರೆಲ್ಲ ಕಳ್ಳರು ಎಂದು ತೀರ್ಮಾನಿಸುವವರಿದ್ದಾರೆ. ಅದು ಅನ್ಯಾಯ. ವ್ಯಾಪಾರಿಯ ಲೆಕ್ಕವನ್ನೂ ನಾವು ನ್ಯಾಯಯುತವಾಗಿ ನೋಡಬೇಕು. ಲೆಕ್ಕ ಸುಲಭವಾಗಲೆಂದು ಬೆಳ್ಳಿಯ ದರ ಗ್ರಾಂಗೆ 100 ರೂಪಾಯಿ ಎಂದು ಭಾವಿಸೋಣ. ಆಗ ಹಳೆಯ ರೂಪಾಯಿಯೊಂದರ ಬೆಳ್ಳಿಯ ಬೆಲೆ 1,069 ರೂಪಾಯಿ. ಸವೆತ, ಕರಗಿಸುವ ಖರ್ಚು ಮತ್ತು ತನ್ನ ಲಾಭವನ್ನು ಕಳೆದು ವ್ಯಾಪಾರಿ 1,000 ರೂಪಾಯಿ ಕೊಡುತ್ತಾನೆ ಎಂದುಕೊಳ್ಳಿ. ಅದೇ ವಾರ ಕರಗಿಸುವವನಿಗೆ 1,040ಕ್ಕೆ ಮಾರುತ್ತಾನೆ. ಲಾಭ 40 ರೂಪಾಯಿ. ನೋಡಲು ಚಿಕ್ಕದು. ಆದರೆ ಅದೇ 1,000 ರೂಪಾಯಿಯನ್ನು ವರ್ಷದಲ್ಲಿ 50 ಬಾರಿ ತಿರುಗಿಸಿದರೆ ಲಾಭ 2,000 ರೂಪಾಯಿ.

ಈಗ ಸಂಗ್ರಹಯೋಗ್ಯ ನಾಣ್ಯವೊಂದನ್ನು ತೆಗೆದುಕೊಳ್ಳಿ. ಸಂಗ್ರಾಹಕನು ಅದಕ್ಕೆ 5,000 ರೂಪಾಯಿ ಕೊಡಬಲ್ಲ. ವ್ಯಾಪಾರಿ ಅದನ್ನು 3,000ಕ್ಕೆ ಕೊಂಡರೆ ಮಾರಾಟ ಬೆಲೆಯಲ್ಲಿ ಅವನ ಪಾಲು ಶೇ. 40. ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಶೇ. 67ರಷ್ಟಾಗುತ್ತದೆ. ಕೇಳಿದವರು ಹೌಹಾರುತ್ತಾರೆ. ಆದರೆ ಆ ಸಂಗ್ರಾಹಕ ನಾಳೆಯೇ ಬರುವುದಿಲ್ಲ. ಅವನಿಗಾಗಿ ಎರಡು ವರ್ಷ ಕಾಯಬೇಕಾಗಿ ಬಂದರೆ, ಹೂಡಿದ ಪ್ರತಿ 1,000 ರೂಪಾಯಿಗೆ ವರ್ಷಕ್ಕೆ ಸಿಗುವ ಲಾಭ ಸುಮಾರು 333 ರೂಪಾಯಿ ಮಾತ್ರ. ಅದರಲ್ಲಿಯೇ ಬಾಡಿಗೆ, ತೆರಿಗೆ, ಕಳ್ಳತನದ ಭಯ ಎಲ್ಲವೂ ಸೇರಬೇಕು. ನಕಲಿಯ ಅಪಾಯವಂತೂ ಬೇರೆಯೇ. ಆರನೇ ಜಾರ್ಜ್‌ನ 1939ರ ರೂಪಾಯಿ ಅತ್ಯಂತ ವಿರಳ. ಅಷ್ಟಕ್ಕೇ ಅದರ ನಕಲಿಗಳು ಬಹಳ. ಒಂದು ನಕಲಿಗೆ ಮೋಸಹೋದರೆ ಹತ್ತು ನಾಣ್ಯಗಳ ಲಾಭ ಕೊಚ್ಚಿಹೋಗುತ್ತದೆ. ಆದ್ದರಿಂದ ಅಪರೂಪದ ನಾಣ್ಯದ ಮೇಲೆ ದೊಡ್ಡ ಅಂತರ ಇರಿಸಿಕೊಳ್ಳುವ ವ್ಯಾಪಾರಿಯನ್ನು ಕೇವಲ ಆ ಕಾರಣಕ್ಕಾಗಿ ಸುಲಿಗೆಕೋರ ಎನ್ನಲಾಗದು. ಆ ಅಂತರವು ಅವನ ಜ್ಞಾನಕ್ಕೆ, ಬಂಡವಾಳಕ್ಕೆ, ತಾಳ್ಮೆಗೆ ಸಲ್ಲುವ ಪ್ರತಿಫಲ.

ಹಾಗಾದರೆ ಅನ್ಯಾಯ ಎಲ್ಲಿಂದ ಆರಂಭವಾಗುತ್ತದೆ? ಅದೇ 5,000 ರೂಪಾಯಿಯ ನಾಣ್ಯವನ್ನು, ಅದು ಏನೆಂದು ಚೆನ್ನಾಗಿ ತಿಳಿದಿದ್ದೂ, ಎದುರಿಗಿರುವವರಿಗೆ ತಿಳಿದಿಲ್ಲ ಎಂಬುದನ್ನು ಕಂಡುಕೊಂಡು, ತಕ್ಕಡಿಗೆ ಹಾಕಿ 1,000 ರೂಪಾಯಿ ಎಣಿಸಿ ಕೊಡುವಲ್ಲಿ. 3,000 ಕೊಟ್ಟು 5,000ಕ್ಕೆ ಮಾರಿದವನ ಲಾಭ ದುಡಿಮೆಯದು. 1,000 ಕೊಟ್ಟವನಿಗೆ ಹೆಚ್ಚುವರಿಯಾಗಿ ದಕ್ಕಿದ 2,000 ರೂಪಾಯಿಗೆ ಅವನು ಯಾವ ದುಡಿಮೆಯನ್ನೂ ಮಾಡಿಲ್ಲ. ಅದು ಇನ್ನೊಬ್ಬರ ಅಜ್ಞಾನದ ಬೆಲೆ. ಬಹಳಷ್ಟು ಬಾರಿ ಅದು ಇನ್ನೊಬ್ಬರ ಸಂಕಟದ ಬೆಲೆಯೂ ಹೌದು. ಆಸ್ಪತ್ರೆಯ ಬಿಲ್ಲು ಕಟ್ಟಲು ಸಂಜೆಯೊಳಗೆ ಹಣ ಬೇಕಾದವರು ನಾಲ್ಕು ಅಂಗಡಿ ಸುತ್ತಿ ದರ ವಿಚಾರಿಸುವುದಿಲ್ಲ.

ಈ ಬಗ್ಗೆ ಕಾನೂನು ಏನನ್ನುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಬೆಲೆ ತೀರಾ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ, ಸ್ವಇಚ್ಛೆಯಿಂದ ಮಾಡಿಕೊಂಡ ಕರಾರು ಅಸಿಂಧುವಾಗುವುದಿಲ್ಲ. ಮಾತಾಡಲೇಬೇಕಾದ ವಿಶೇಷ ಹೊಣೆ ಇಲ್ಲದಿದ್ದರೆ ಕೇವಲ ಮೌನವನ್ನು ವಂಚನೆ ಎಂದೂ ಅದು ಪರಿಗಣಿಸುವುದಿಲ್ಲ. ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬನಿಗೆ ಬೆಲೆ ಬದಲಾದ ಗುಟ್ಟು ತಿಳಿದಿದ್ದರೆ, ಅದನ್ನು ಇನ್ನೊಬ್ಬನಿಗೆ ತಿಳಿಸಬೇಕಾಗಿಲ್ಲ ಎಂಬ ಉದಾಹರಣೆಯನ್ನು ಕಾಯ್ದೆಯೇ ನೀಡುತ್ತದೆ. ಆದರೆ ಅಲ್ಲಿ ಹೇಳಿರುವುದು ಇಬ್ಬರು ವ್ಯಾಪಾರಿಗಳ ಬಗ್ಗೆ. ಗಂಟು ಹಿಡಿದು ಬಂದ ವೃದ್ಧೆ ವ್ಯಾಪಾರಿಯೇ? ಕಾಯ್ದೆ ಬಾಯಿ ಮುಚ್ಚಿಕೊಳ್ಳಲು ಅನುಮತಿಸಿದಲ್ಲೆಲ್ಲ ಆತ್ಮಸಾಕ್ಷಿಯೂ ಬಾಯಿ ಮುಚ್ಚಿಕೊಳ್ಳಬೇಕೇ?

ಈ ಪ್ರಶ್ನೆ ಹೊಸತೇನಲ್ಲ. ಹಳ್ಳಿಗಾಡಿನಿಂದ ಸರಕು ತರುವ ವ್ಯಾಪಾರ ತಂಡಗಳನ್ನು ಪಟ್ಟಣದ ಹೊರಗೇ ಎದುರ್ಗೊಂಡು, ಅವರಿಗೆ ಪೇಟೆಯ ದರ ತಿಳಿಯುವ ಮೊದಲೇ ಸರಕನ್ನು ಕೊಂಡುಬಿಡುವ ಚಾಳಿ ಪ್ರವಾದಿಯವರ(ಸ) ಕಾಲದ ಅರಬ್ ಪೇಟೆಗಳಲ್ಲಿತ್ತು. ಪ್ರವಾದಿಯವರು(ಸ) ಅದನ್ನು ನಿಷೇಧಿಸಿದರು. ಹಾಗೆ ಕೊಂಡರೆ, ಸರಕಿನ ಮಾಲಕನು ಪೇಟೆಗೆ ಬಂದು ದರ ತಿಳಿದ ಬಳಿಕ ಆ ವ್ಯಾಪಾರವನ್ನು ರದ್ದುಪಡಿಸುವ ಹಕ್ಕನ್ನೂ ಅವನಿಗೆ ನೀಡಿದರು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಕಳಪೆ ನಾಣ್ಯ ಕೊಟ್ಟಿರಲಿಲ್ಲ. ದರ ತಿಳಿಯದಿರುವಿಕೆಯನ್ನು ಬಳಸಿಕೊಂಡದ್ದೊಂದೇ ಅಪರಾಧವಾಗಿತ್ತು. ಈ ಮಾತನ್ನು ನಾವು ಪರರಿಗೆ ಉಪದೇಶಿಸುವ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ. ಬಡ್ಡಿಯ ವ್ಯವಹಾರದಿಂದ ದೂರ ಇದ್ದೇವೆ ಎಂದು ಎದೆಯುಬ್ಬಿಸುವ ನಮ್ಮವರದೇ 'ಹಳೆ ಚಿನ್ನ, ಬೆಳ್ಳಿ ಕೊಳ್ಳುತ್ತೇವೆ' ಎಂಬ ಫಲಕದ ಅಂಗಡಿಗಳಲ್ಲಿ ಇದೇ ತಕ್ಕಡಿ, ಇದೇ ಮೌನ ಇಲ್ಲವೇ? ಬಡ್ಡಿ ಪಡೆಯದವನು ಅಜ್ಞಾನದಿಂದ ಲಾಭ ಪಡೆದರೆ ಅದು ಹಲಾಲ್ ಆಗುವುದೇ?

ಮಾರಾಟದ ಮಾತು ಹೀಗಾದರೆ ಅಡವಿನ ಮಾತು ಇನ್ನೂ ಗಂಭೀರ. ಮಾರಿದ ವಸ್ತುವಿನ ಮೇಲೆ ಹಕ್ಕು ಮುಗಿಯುತ್ತದೆ. ಅಡವಿಟ್ಟ ವಸ್ತುವಿನ ಒಡೆತನ ಅಡವಿಟ್ಟವರದೇ. ಕರಾರು ಕಾಯ್ದೆಯ ಪ್ರಕಾರ ಒತ್ತೆ ಪಡೆದವನು ಆ ವಸ್ತುವನ್ನು ಜೋಪಾನ ಮಾಡಬೇಕು, ಸಾಲ ತೀರಿದಾಗ ಅದನ್ನೇ ಹಿಂದಿರುಗಿಸಬೇಕು. ಅದರಂಥ ಇನ್ನೊಂದನ್ನಲ್ಲ. ಸಾಲ ತೀರಿಸದಿದ್ದರೆ ಸೂಕ್ತ ಸೂಚನೆ ಕೊಟ್ಟು ಮಾರಬಹುದು. ಆದರೆ ಸಾಲಕ್ಕಿಂತ ಹೆಚ್ಚು ಹಣ ಬಂದರೆ ಆ ಹೆಚ್ಚಿನ ಮೊತ್ತ ಅಡವಿಟ್ಟವರಿಗೆ ಸೇರಬೇಕು. ಇದು ಅನೇಕರಿಗೆ ಗೊತ್ತೇ ಇಲ್ಲ. ಅವಧಿ ಮುಗಿದರೆ ಒಡವೆ ಮುಳುಗಿತು ಎಂದೇ ಬಡವರು ತಿಳಿದುಕೊಂಡಿದ್ದಾರೆ. ಹಾಗೆ ತಿಳಿದುಕೊಂಡಿರುವುದು ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸತ್ಯವೇನೆಂದರೆ, ಸಂಗ್ರಹಯೋಗ್ಯ ನಾಣ್ಯವು ಅಡವಿಗೆ ಹೇಳಿಸಿದ ವಸ್ತುವೇ ಅಲ್ಲ. ಸಾಲ ಕೊಡುವವನು ಲೋಹವನ್ನು ಮಾತ್ರ ನೋಡುತ್ತಾನೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಮತ್ತು ಹಣಕಾಸು ಕಂಪೆನಿಗಳಿಗೆ ನೀಡಿದ ನಿರ್ದೇಶನದಲ್ಲಿಯೂ, ಒತ್ತೆಯ ಚಿನ್ನ ಬೆಳ್ಳಿಯನ್ನು ಅದರ ಲೋಹದ ಮೌಲ್ಯದ ಮೇಲೆಯೇ ಅಳೆಯಬೇಕು, ಹರಳು ಇತ್ಯಾದಿಗಳ ಬೆಲೆಯನ್ನು ಸೇರಿಸಬಾರದು ಎಂದಿದೆ. ಸಾಲದಾತನ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಪರಿಣಾಮವನ್ನು ನೋಡಿ. ನಾವು ಮೇಲೆ ಹೇಳಿದ ಉದಾಹರಣೆಯಲ್ಲಿ, 5,000 ರೂಪಾಯಿ ಬಾಳುವ ನಾಣ್ಯದ ಲೋಹದ ಬೆಲೆ 1,069. ಅದರ ಮುಕ್ಕಾಲು ಪಾಲು ಸಾಲ ಸಿಕ್ಕಿದರೆ ಸುಮಾರು 800 ರೂಪಾಯಿ. ಆ 800 ರೂಪಾಯಿಯ ಸಾಲ ತೀರಿಸಲಾಗದೆ ಹೋದರೆ ಹೋಗುವುದು 5,000 ರೂಪಾಯಿಯ ವಸ್ತು. ಅಡವಿಡಲೇಬೇಕಾದ ಅನಿವಾರ್ಯತೆ ಬಂದರೆ ಬಳೆ, ಸರಗಳನ್ನು ಇಡಲಿ. ಅಪರೂಪದ ನಾಣ್ಯವನ್ನು ತಿಳಿದವರಿಗೆ ತೋರಿಸಿ ಮಾರುವುದು ಅಥವಾ ಉಳಿಸಿಕೊಳ್ಳುವುದೇ ಲೇಸು.

2025ರಲ್ಲಿ ಬೆಳ್ಳಿಯ ಬೆಲೆ ಒಂದೇ ವರ್ಷದಲ್ಲಿ ಇಮ್ಮಡಿಗೂ ಮೀರಿ ಏರಿತು. ದರ ಏರಿದಾಗ ಪೆಟ್ಟಿಗೆಯ ತಳದಲ್ಲಿದ್ದ ನಾಣ್ಯಗಳು ಹೊರಬರುವುದು ಸಹಜ. ಸಾಧಾರಣ ನಾಣ್ಯಕ್ಕೆ ಕರಗಿಸುವ ಬೆಲೆಯೇ ಒಳ್ಳೆಯ ಬೆಲೆ ಎಂದಾಗಬಹುದು. ಆದರೆ ಅದೇ ಭರದಲ್ಲಿ ಮತ್ತೆ ಹುಟ್ಟಿಬಾರದ ನಾಣ್ಯಗಳೂ ಮೂಸೆಗೆ ಬೀಳುತ್ತವೆ. ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ ಬೆಳ್ಳಿಯ ರೂಪಾಯಿಗೆ 'ಇಮಾಮಿ' ಎಂದೂ ಎರಡು ರೂಪಾಯಿಯ ನಾಣ್ಯಕ್ಕೆ 'ಹೈದರಿ' ಎಂದೂ ಹೆಸರಿಟ್ಟಿದ್ದರು. ಟಿಪ್ಪುವಿನ ಹೆಸರಿನಲ್ಲಿ ಸಭೆಗಳಲ್ಲಿ ಗಂಟಲು ಹರಿಯುವಂತೆ ಮಾತಾಡುವ ನಮಗೆ, ಅಂಥದೊಂದು ನಾಣ್ಯ ಕೈಗೆ ಬಂದರೆ ಅದನ್ನು ಗುರುತಿಸಲು ಬರುತ್ತದೆಯೇ?

ಮೋಸದ ಇನ್ನೊಂದು ಮುಖವನ್ನೂ ಮರೆಯಬಾರದು. ಹಳೆಯದೆಲ್ಲ ಚಿನ್ನ ಎಂಬ ಭ್ರಮೆಯಲ್ಲಿ, ಮಾಮೂಲಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ, 'ಶುಲ್ಕ', 'ತೆರಿಗೆ' ಎಂದು ಮೊದಲೇ ಹಣ ಕಳುಹಿಸಿ ಕೈಸುಟ್ಟುಕೊಂಡವರಿದ್ದಾರೆ. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ವಿಕ್ಟೋರಿಯಾ ರಾಣಿಯ ಸವೆದ ರೂಪಾಯಿಗಳು ಇಂದಿಗೂ ಧಾರಾಳವಾಗಿವೆ. ಅವುಗಳ ಬೆಲೆ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಇರುತ್ತದೆ. ಹಾಗೆಂದು ಹೇಳುವ ವ್ಯಾಪಾರಿ ಸುಳ್ಳು ಹೇಳುತ್ತಿಲ್ಲ. ಇಸವಿ, ಟಂಕಸಾಲೆಯ ಗುರುತು ಮತ್ತು ನಾಣ್ಯದ ಸ್ಥಿತಿ, ಈ ಮೂರು ಸೇರಿ ಬೆಲೆ ನಿರ್ಧಾರವಾಗುತ್ತದೆ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ. ಹುಣಸೆಹುಳಿ, ಬೂದಿ ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದರೆ ಇದ್ದ ಬೆಲೆಯೂ ಇಳಿಯುತ್ತದೆ.

ಗಲ್ಫ್‌ಗೆ ಹೋಗುವ ನಮ್ಮ ಯುವಕರಿಗೂ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅಂಥದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದು ಅಪರಾಧ. 'ಅಲ್ಲಿ ಒಳ್ಳೆಯ ಬೆಲೆ ಇದೆ' ಎಂದು ಯಾರಾದರೂ ಗಂಟು ಕೊಟ್ಟರೆ ತೆಗೆದುಕೊಳ್ಳಬೇಡಿ. ಅಂಥ ವಸ್ತುಗಳ ಮಾರಾಟವನ್ನು ವೃತ್ತಿಯಾಗಿ ನಡೆಸುವವರು ದೇಶದ ಒಳಗೂ ಪರವಾನಿಗೆ ಪಡೆದಿರಬೇಕು. ಶತಮಾನ ಹಳೆಯ ನಾಣ್ಯಗಳನ್ನು ಕೊಂಡು ಮಾರುವ ಎಷ್ಟು ಗಿರವಿ ಅಂಗಡಿಗಳ ಬಳಿ ಈ ಪರವಾನಿಗೆ ಇದೆ ಎಂದು ಅಧಿಕಾರಿಗಳು ಒಮ್ಮೆ ಪರಿಶೀಲಿಸುವುದು ಒಳಿತು.

ಹಾಗಾದರೆ ಪರಿಹಾರವೇನು? ಅದು ಕಷ್ಟದ್ದಲ್ಲ. ಅಡವಿಡುವ ಮೊದಲು ಪ್ರತಿ ನಾಣ್ಯದ ಎರಡೂ ಮುಖಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಚೀಟಿಯಲ್ಲಿ ಇಸವಿಗಳನ್ನು ಬರೆಸಿ, ಸಹಿ ಹಾಕಿಸಿ. ಬರೆಯಲು ಒಪ್ಪದ ಅಂಗಡಿಯ ಮೆಟ್ಟಿಲನ್ನು ಹಾಗೆಯೇ ಇಳಿದುಬಿಡಿ. ಮಾರುವುದಾದರೆ, 'ಕರಗಿಸಿದರೆ ಎಷ್ಟು, ಸಂಗ್ರಾಹಕನಿಗೆ ಎಷ್ಟು' ಎಂಬ ಎರಡು ಪ್ರಶ್ನೆಗಳನ್ನು ಕನಿಷ್ಠ ಇಬ್ಬರಲ್ಲಿ ಕೇಳಿ. ಬೆಂಗಳೂರು, ಮುಂಬೈಗಳ ನಾಣ್ಯ ಹರಾಜು ಸಂಸ್ಥೆಗಳು ಹಿಂದಿನ ಹರಾಜಿನ ಬೆಲೆಗಳನ್ನು ಪ್ರಕಟಿಸುತ್ತವೆ. ಓದಿದ ಮೊಮ್ಮಕ್ಕಳಿಗೆ ಅದನ್ನು ನೋಡುವುದು ಹತ್ತು ನಿಮಿಷದ ಕೆಲಸ. ಅಲ್ಲಿಯ ಬೆಲೆ ಪೂರ್ತಿಯಾಗಿ ಕೈಗೆ ಬಾರದು, ಕಮಿಷನ್ ಕಳೆಯುತ್ತದೆ ಎಂಬುದೂ ನೆನಪಿರಲಿ.

ಜಮಾಅತ್‌ಗಳು, ಯುವಕ ಸಂಘಗಳು ಇದರಲ್ಲಿ ತಮ್ಮ ಪಾಲನ್ನು ಮರೆಯಬಾರದು. ನಾಣ್ಯ ಬಲ್ಲವರೊಬ್ಬರನ್ನು ವರ್ಷಕ್ಕೊಮ್ಮೆ ಕರೆಸಿ ಮನೆಮನೆಯ ಪೆಟ್ಟಿಗೆಯಲ್ಲಿರುವುದನ್ನು ಗುರುತಿಸಿಕೊಟ್ಟರೆ ಖರ್ಚಾಗುವುದು ಒಂದು ಹೊತ್ತಿನ ಊಟ ಮಾತ್ರ. ಬಡ್ಡಿರಹಿತ ನಿಧಿಗಳಿರುವ ಊರುಗಳಲ್ಲಿ, ಆಸ್ಪತ್ರೆಯ ಖರ್ಚಿಗಾಗಿ ಬರುವ ಮಹಿಳೆಯರಿಗೆ ಅದೇ ದಿನ ಹಣ ಸಿಗುವ ವ್ಯವಸ್ಥೆಯಾಗಬೇಕು. ಅರ್ಜಿ ಬರೆದು, ಸಮಿತಿ ಸೇರಿ, ಎರಡು ವಾರದ ಬಳಿಕ ಕೊಡುವ ನೆರವು ಗಿರವಿ ಅಂಗಡಿಯನ್ನು ಸೋಲಿಸಲಾರದು. ಇನ್ನು ಸರಕಾರದ ಹೊಣೆ. 1961ರಿಂದಲೇ ನಮ್ಮ ರಾಜ್ಯದಲ್ಲಿ ಗಿರವಿ ವ್ಯವಹಾರಕ್ಕೆ ಪ್ರತ್ಯೇಕ ಕಾಯ್ದೆ ಇದೆ. ನಾಣ್ಯಗಳನ್ನು ಅಡವಿಟ್ಟುಕೊಂಡಾಗ ಚೀಟಿಯಲ್ಲಿ ಇಸವಿ ಮತ್ತು ಗುರುತನ್ನು ನಮೂದಿಸುವುದು, ಚಿತ್ರ ಲಗತ್ತಿಸುವುದು ಕಡ್ಡಾಯ ಎಂಬ ಒಂದು ನಿಯಮ ಸಾಕು. ಇದರಿಂದ ಪ್ರಾಮಾಣಿಕ ವ್ಯಾಪಾರಿಗೆ ನಷ್ಟವೇನೂ ಇಲ್ಲ. ಸುಳ್ಳು ಆರೋಪದಿಂದ ಅವನಿಗೂ ಅದು ರಕ್ಷಣೆ.

ಆ ವೃದ್ಧೆಗೆ ನಾವು ನ್ಯಾಯ ದೊರಕಿಸಿಕೊಡಲಾಗಲಿಲ್ಲ. ಚೀಟಿಯನ್ನು ಮತ್ತೆ ಮಡಚಿ ಗಂಟಿನೊಳಗೆ ಇಟ್ಟುಕೊಂಡು ಅವರು ಹೊರಟರು. "ಮಗಳು ಬದುಕಿದಳಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದರು. ಅವರ ತಾಳ್ಮೆ ದೊಡ್ಡದು. ಆದರೆ ಬಡವರ ತಾಳ್ಮೆಯನ್ನು ವ್ಯಾಪಾರದ ಬಂಡವಾಳವಾಗಿಸುವುದನ್ನು ಸಮಾಜವು ಸಹಿಸಬಾರದು. ಲಾಭ ಗಳಿಸುವುದು ತಪ್ಪಲ್ಲ. ಎದುರಿಗಿರುವವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ತಿಳಿದಿದ್ದರೆ ಈ ಲಾಭ ಸಿಗುತ್ತಿತ್ತೇ ಎಂದು ವ್ಯಾಪಾರಿಯು ತನ್ನನ್ನು ತಾನೇ ಕೇಳಿಕೊಳ್ಳಲಿ. ಸಿಗುತ್ತಿರಲಿಲ್ಲ ಎಂದಾದರೆ ಆ ಹಣ ಅವನದಲ್ಲ.